ಕರುಳಿನ ಉರಿಯೂತವೂ ಪ್ರತಿಧ್ವನಿಪರೀಕ್ಷೆಯೂ

ಕಣ್ಣಿಗೆ ಕಾಣದ ವಸ್ತುವನ್ನು ಕಿವಿಗೆ ಕೇಳದ ಧ್ವನಿಯಿಂದ ತಿಳಿಯುವ ಉಪಾಯವು ಈಗಿನ ವೈದ್ಯದಲ್ಲಿ ರೂಢವಾಗಿರುವುದು ಸರ್ವವಿದಿತವೇ ಆಗಿದೆ. ಇದನ್ನು ಶಾಸ್ತ್ರಜ್ಞರು ಅಲ್ಟ್ರಾಸೌಂಡ್ ಎಂದೂ ಜನರು ಸ್ಕ್ಯಾನಿಂಗ್ ಎಂದೂ ಕರೆಯುವರು. ಗರ್ಭಸ್ಥ ಶಿಶುವನ್ನೂ ಪಿತ್ತಕೋಶದ ಕಲ್ಲನ್ನೂ ಇದರಿಂದ ನೋಡುವುದು ಬಹುಕಾಲದಿಂದ ನಡೆದುಬಂದಿದೆ. ಆದರೆ ಕರುಳಿನ ವಿಷಯದಲ್ಲಿ ಇದು ಪ್ರಯೋಜನಕ್ಕೆ ಬಾರದೆಂಬ ಅಭಿಪ್ರಾಯವು ವೈದ್ಯರಲ್ಲಿಯೇ ನೆಲಸಿದ್ದಿತು. ಕಾರಣವೇನೆಂದರೆ, ಕರುಳಿನಲ್ಲಿ ವಾಯುವಿದೆ; ವಾಯುವು ಈ ಧ್ವನಿಗೆ ಶತ್ರು. ಹೀಗಿದ್ದರೂ ದೀರ್ಘಕಾಲದ ಕರುಳಿನ ಉರಿಯೂತದಲ್ಲಿ ಈ ಪರೀಕ್ಷೆಯು ಯಾವ ಅಂಶದಲ್ಲಿ ಪ್ರಮಾಣವಾಗುವುದು, ಯಾವ ಅಂಶದಲ್ಲಿ ಆಗದು ಎಂಬುದನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶವು.

ಈ ಉರಿಯೂತದಲ್ಲಿ ಮುಖ್ಯವಾಗಿ ಎರಡು ಭೇದಗಳುಂಟು. ಮೊದಲನೆಯದಾದ ಅಲ್ಸರೇಟಿವ್ ಕೊಲೈಟಿಸ್ ಎಂಬುದು ಗುದನಾಳದಿಂದ ಮೊದಲಾಗಿ ದೊಡ್ಡ ಕರುಳಿನಲ್ಲಿ ಮೇಲ್ಮುಖವಾಗಿ ಹಬ್ಬುವುದು. ಪ್ರಧಾನವಾಗಿ ಒಳಪೊರೆಯನ್ನೇ ಆಶ್ರಯಿಸಿರುವುದು. ಎರಡನೆಯದು ಕ್ರೋನ್ಸ್ ರೋಗ. ಇದನ್ನು 1932ರಲ್ಲಿ ನ್ಯೂಯಾರ್ಕಿನ ಕ್ರೋನ್, ಗಿನ್ಸ್‌ಬರ್ಗ್, ಓಪನ್‌ಹೈಮರ್ ಎಂಬ ಮೂವರು ವೈದ್ಯರು ವರ್ಣಿಸಿದರು. ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಇದು ಹೆಚ್ಚಾಗಿ ಕಾಣುವುದು. ಕರುಳಿನ ಗೋಡೆಯ ಪೂರ್ಣ ದಪ್ಪವನ್ನೂ ಭೇದಿಸುವುದು. ಆದಕಾರಣವೇ ಇದರಲ್ಲಿ ಕರುಳು ಕಿರಿದಾಗುವಿಕೆ, ಕೀವುಗಟ್ಟುವಿಕೆ, ಒಂದೆಡೆಯಿಂದ ಮತ್ತೊಂದೆಡೆಗೆ ರಂಧ್ರಮಾರ್ಗ ಬೀಳುವಿಕೆ ಮುಂತಾದ ಉಪದ್ರವಗಳು ಉಂಟಾಗುವುವು. ಚರಕಸಂಹಿತೆಯ ಚಿಕಿತ್ಸಾಸ್ಥಾನದ 15ನೆಯ ಅಧ್ಯಾಯದಲ್ಲಿ ಹೇಳಿರುವ ಗ್ರಹಣೀರೋಗವೇ ಇದೆಂದು ಕೆಲವರು ಹೇಳುವುದುಂಟು. ಲಕ್ಷಣಸಾಮ್ಯಮಾತ್ರದಿಂದ ರೋಗೈಕ್ಯವನ್ನು ಸಾಧಿಸುವುದು ಸಾಹಸವೆಂದೇ ನನ್ನ ಅಭಿಪ್ರಾಯ. ಆ ಚರ್ಚೆಗೆ ಇದು ಸ್ಥಳವಲ್ಲ.

ಇನ್ನು ಉಪಕರಣದ ವಿಚಾರ. ಕೆಲವು ಸ್ಫಟಿಕಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದೆಂದು 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು ಕಂಡರು. ಇದರ ವಿಲೋಮವಾಗಿ, ವಿದ್ಯುತ್ತನ್ನು ಕೊಟ್ಟರೆ ಅವು ಕಂಪಿಸುವುವು. ಮನುಷ್ಯನ ಕಿವಿಯು ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಮಾತ್ರ ಕೇಳಬಲ್ಲುದು. ವೈದ್ಯರ ಈ ಯಂತ್ರವಾದರೋ ಹತ್ತಾರು ಲಕ್ಷ ಕಂಪನಗಳ ಧ್ವನಿಯನ್ನು ಹೊಟ್ಟೆಯೊಳಕ್ಕೆ ಕಳುಹಿಸುವುದು. ಮೃದುವಾದ ಅಂಗಗಳಲ್ಲಿ ಅದು ಸೆಕೆಂಡಿಗೆ ಸುಮಾರು 1540 ಮೀಟರು ಚಲಿಸುವುದರಿಂದ, ಪ್ರತಿಧ್ವನಿಯು ಮರಳಿದ ಕಾಲವನ್ನೆಣಿಸಿ ದೂರವನ್ನು ಗೊತ್ತುಮಾಡುವರು. ಹೊಟ್ಟೆಯ ಗಂಟುಗಳನ್ನು ಈ ಕ್ರಮದಿಂದ ಪರೀಕ್ಷಿಸಿದ ವಿವರವನ್ನು ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡ್ ಮತ್ತು ಅವನ ಸಹೋದ್ಯೋಗಿಗಳು 1958ರಲ್ಲಿ ಪ್ರಕಟಿಸಿದರು.

ವಾಯುವನ್ನು ಮುಟ್ಟಿದೊಡನೆ ಈ ಧ್ವನಿಯು ಬಹುಮಟ್ಟಿಗೆ ಪೂರ್ತಿಯಾಗಿ ಹಿಂದಿರುಗಿಬಿಡುವುದು ನಿಜ. ಪರಂತು ವಾಯುವು ಕರುಳಿನ ಒಳಗಿರುವುದೇ ಹೊರತು ಅದರ ಗೋಡೆಯಲ್ಲಿಲ್ಲ. ಹೊಟ್ಟೆಯ ಚರ್ಮಕ್ಕೆ ಸಮೀಪದಲ್ಲಿರುವ ಗೋಡೆಯು ವಾಯುವಿಗಿಂತ ಮೊದಲೇ ಧ್ವನಿಗೆ ಸಿಕ್ಕುವುದು. ಅದಲ್ಲದೆ ಉಪಕರಣವನ್ನು ಮೆಲ್ಲಮೆಲ್ಲನೆ ಒತ್ತುತ್ತ ಹೋದರೆ ವಾಯುವು ಅತ್ತಿತ್ತ ಸರಿಯುವುದು. ಈ ಕ್ರಮವನ್ನು 1986ರಲ್ಲಿ ನೆದರ್ಲೆಂಡಿನ ಪಾಯ್ಲಾರ್ಟ್ ಎಂಬವನು ಅಪೆಂಡಿಕ್ಸಿನ ಪರೀಕ್ಷೆಗಾಗಿ ವಿವರಿಸಿದನು. ಉರಿಯೂತವಿರುವ ಕರುಳು ದಪ್ಪವಾಗಿ, ಒತ್ತಿದರೂ ಸುಲಭವಾಗಿ ಚಪ್ಪಟೆಯಾಗದೆ ನಿಲ್ಲುವುದರಿಂದ, ರೋಗವೇ ದರ್ಶನಕ್ಕೆ ಸಹಾಯ ಮಾಡುವುದೆಂಬುದು ಇಲ್ಲಿಯ ಚಮತ್ಕಾರ.

ಗೋಡೆಯು ಪರದೆಯ ಮೇಲೆ ಐದು ಪದರಗಳಾಗಿ, ಒಂದು ಬೆಳಕು ಒಂದು ಕಪ್ಪು ಎಂಬ ಸರದಿಯಲ್ಲಿ ತೋರುವುದು. ಆರೋಗ್ಯದಲ್ಲಿ ಇದರ ದಪ್ಪವು ಸಾಮಾನ್ಯವಾಗಿ 3 ಮಿಲಿಮೀಟರನ್ನು ಮೀರದು. ಮೀರಿದರೆ ವಿಕಾರವನ್ನು ಶಂಕಿಸುವರು. ಪದರಗಳ ಎಲ್ಲೆಗಳು ಅಳಿಸಿದಂತಾಗುವುದು, ಸುತ್ತಲಿನ ಕೊಬ್ಬು ಬೆಳ್ಳಗೆ ಉಬ್ಬುವುದು ಇವೂ ಚಿಹ್ನೆಗಳೇ. ಚಲಿಸುವ ವಸ್ತುವಿನಿಂದ ಬರುವ ತರಂಗಗಳ ಕಂಪನಸಂಖ್ಯೆಯು ಭೇದಿಸುವುದೆಂದು ಡಾಪ್ಲರ್ ಎಂಬ ಪಂಡಿತನು 1842ರಲ್ಲಿ ಹೇಳಿದ ತತ್ತ್ವವನ್ನನುಸರಿಸಿ, ಗೋಡೆಯಲ್ಲಿ ಹರಿಯುವ ರಕ್ತವನ್ನೂ ಬಣ್ಣದಲ್ಲಿ ತೋರಿಸುವರು. ಲಿಂಬರ್ಗ್ ಎಂಬ ಜರ್ಮನ್ ವೈದ್ಯನು ಇದಕ್ಕೆ ತರಗತಿಗಳನ್ನು ಮಾಡಿದನು: ಗೋಡೆ ದಪ್ಪವಾಗಿದ್ದು ರಕ್ತಸಂಚಾರ ಕಾಣದಿದ್ದರೆ ಕೆಳಗಿನ ತರಗತಿ, ರಕ್ತನಾಳಗಳು ಗೋಡೆಯನ್ನು ದಾಟಿ ಸುತ್ತಣ ಪೊರೆಯೊಳಕ್ಕೂ ಹಬ್ಬಿ ಕಂಡರೆ ಮೇಲಿನ ತರಗತಿ.

ಈ ಚಿತ್ರವು ಪ್ರತ್ಯಕ್ಷವೋ ಅನುಮಾನವೋ? ನೈಯಾಯಿಕರ ರೀತಿಯಲ್ಲಿ ವಿಚಾರಿಸಿದರೆ ಅನುಮಾನವೆಂದೇ ಹೇಳಬೇಕು. ದಪ್ಪವು ಹೇತು, ಉರಿಯೂತವು ಸಾಧ್ಯ. ಅನುಮಾನವೆಂದ ಮೇಲೆ ಹೇತುವು ಸವ್ಯಭಿಚಾರವೋ ಅಲ್ಲವೋ ಎಂದು ಶೋಧಿಸುವುದು ಅವಶ್ಯ. "ಈ ಕರುಳು ಕ್ರೋನ್ಸ್ ರೋಗವುಳ್ಳದ್ದು, ದಪ್ಪವಾಗಿರುವುದರಿಂದ" ಎಂದರೆ ಹೇತುವು ವ್ಯಭಿಚರಿಸುವುದು. ಏಕೆಂದರೆ ಕರುಳಿನ ಕ್ಷಯದಲ್ಲಿಯೂ ಅರ್ಬುದದಲ್ಲಿಯೂ ಗೋಡೆಯು ದಪ್ಪವಾಗುವುದು. ನಮ್ಮ ದೇಶದಲ್ಲಿ ಇದು ಕೇವಲ ತರ್ಕದ ಮಾತಲ್ಲ. ಕ್ಷಯವೂ ಕ್ರೋನ್ಸ್ ರೋಗವೂ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಸಂಧಿಯನ್ನೇ ಹೆಚ್ಚಾಗಿ ಹಿಡಿಯುವುವು. ಕ್ಷಯವನ್ನು ಕ್ರೋನ್ಸ್ ಎಂದು ಭ್ರಮಿಸಿ ಸ್ಟೀರಾಯ್ಡ್ ಮೊದಲಾದ ಔಷಧಗಳನ್ನು ಕೊಟ್ಟರೆ ಕ್ಷಯವು ದೇಹದಲ್ಲೆಲ್ಲ ಹರಡಿ ಪ್ರಾಣಾಪಾಯವಾಗಬಹುದು. ಕ್ರೋನ್ಸ್ ರೋಗಿಗೆ ಕ್ಷಯದ ಔಷಧವನ್ನು ತಿಂಗಳುಗಟ್ಟಲೆ ಕೊಡುತ್ತಿದ್ದರೆ ಅಷ್ಟರಲ್ಲಿ ಕರುಳು ಕಿರಿದಾಗಿ ಶಸ್ತ್ರಕ್ಕೆ ಗುರಿಯಾಗಬಹುದು. ಆದುದರಿಂದ ರೋಗದ ಹೆಸರನ್ನು ನಿರ್ಣಯಿಸಲು ನಳಿಕೆಯಿಂದ ಒಳಗೆ ನೋಡುವ ಕೊಲೊನೋಸ್ಕೋಪಿಯೂ, ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಿಂದ ಮಾಡುವ ಪರೀಕ್ಷೆಯೂ ಬೇಕೇಬೇಕು.

ಆದರೆ ರೋಗದ ಹೆಸರು ಒಮ್ಮೆ ಸಿದ್ಧವಾದ ಮೇಲೆ ಪ್ರಶ್ನೆಯೇ ಬೇರೆ. "ಈಗ ಉರಿಯೂತವು ಎಷ್ಟಿದೆ? ಔಷಧದಿಂದ ಇಳಿಯಿತೇ?" ಎಂಬಲ್ಲಿ ಅದೇ ಹೇತುವು ಬಹುಮಟ್ಟಿಗೆ ಸದ್ಧೇತುವಾಗುವುದು. ರೋಗಿಯ ಮಾತೊಂದನ್ನೇ ಇಲ್ಲಿ ನಂಬುವಂತಿಲ್ಲ. ನೋವಿಲ್ಲದೆಯೂ ಉರಿಯೂತವು ಒಳಗೊಳಗೇ ಗೋಡೆಯನ್ನು ಕೆಡಿಸಬಹುದು, ಉರಿಯೂತವಿಲ್ಲದೆಯೂ ನೋವು ಇರಬಹುದು. ಕೊಲೊನೋಸ್ಕೋಪಿಯಿದೆಯಲ್ಲ, ಇದೇಕೆ ಎಂದು ಶಂಕಿಸಿದರೆ, ಕರುಳನ್ನು ಬರಿದುಮಾಡಿಕೊಂಡು ಆ ಕಷ್ಟವನ್ನು ಪದೇಪದೇ ಸಹಿಸುವವರು ವಿರಳ. ಅಲ್ಲದೆ ಆ ನಳಿಕೆಯು ಒಳಪೊರೆಯನ್ನು ಮಾತ್ರ ಕಾಣುವುದು, ಗೋಡೆಯ ಆಳವನ್ನು ಕಾಣದು. ಪ್ರತಿಧ್ವನಿಗೆ ಜುಲಾಬು ಬೇಡ, ಎಕ್ಸ್‌ರೇ ಕಿರಣಗಳ ದೋಷವಿಲ್ಲ, ಗರ್ಭಿಣಿಗೂ ಬಾಲಕನಿಗೂ ಮಾಡಬಹುದು. ಅಲ್ಸರೇಟಿವ್ ಕೊಲೈಟಿಸ್ ರೋಗಿಗಳನ್ನು ಕುರಿತು ಜರ್ಮನಿಯಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪರಿಶೋಧನೆಯಲ್ಲಿ, ಚಿಕಿತ್ಸೆ ಮೊದಲಾದ ಎರಡು ವಾರಗಳಲ್ಲಿಯೇ ಗೋಡೆಯ ದಪ್ಪವು ಇಳಿದುದು ಕಂಡುಬಂದಿತು.

ಹಾಗೆಂದು ಇದನ್ನು ಸರ್ವಜ್ಞವೆಂದು ಹೊಗಳಲಾಗದು. ಗುದನಾಳವು ಎಲುಬಿನ ಮರೆಯಲ್ಲಿರುವುದರಿಂದ ಹೊಟ್ಟೆಯ ಮೇಲಿಂದ ಚೆನ್ನಾಗಿ ಕಾಣದು. ಸ್ಥೂಲದೇಹದಲ್ಲಿ ಚಿತ್ರವು ಮಸಕಾಗುವುದು. ಪರೀಕ್ಷಕನ ಅಭ್ಯಾಸವನ್ನು ಬಹಳವಾಗಿ ಅವಲಂಬಿಸುವುದು. ಬ್ರಿಟನ್ನಿನ 8 ಆಸ್ಪತ್ರೆಗಳಲ್ಲಿ 284 ಕ್ರೋನ್ಸ್ ರೋಗಿಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ತುಲನೆಯಲ್ಲಿ, ಸಣ್ಣ ಕರುಳಿನ ರೋಗದ ವಿಸ್ತಾರವನ್ನು ಗುರುತಿಸುವುದರಲ್ಲಿ ಎಂ.ಆರ್.ಐ. ಪರೀಕ್ಷೆಯು ನೂರಕ್ಕೆ 80ರಷ್ಟೂ ಇದು 70ರಷ್ಟೂ ಸಮರ್ಥವಾದುವು.

ಜರ್ಮನಿಯಲ್ಲಿ ಉದರರೋಗದ ವೈದ್ಯನೇ ರೋಗಿಯ ಮಂಚದ ಬಳಿ ಈ ಪರೀಕ್ಷೆಯನ್ನು ಮಾಡುವ ವಾಡಿಕೆಯುಂಟು. ಹೆಣ್ಣುಭ್ರೂಣದ ಹತ್ಯೆಯನ್ನು ತಡೆಯಲು 1994ರಲ್ಲಿ ಮಾಡಿದ ಕಾನೂನಿನ ಮೇರೆಗೆ ನಮ್ಮಲ್ಲಿ ಇಂಥ ಯಂತ್ರವಿರುವ ಸ್ಥಳವೆಲ್ಲವೂ ನೋಂದಾಯಿತವಾಗಿರಬೇಕು. ಆ ನಿರ್ಬಂಧವು ನ್ಯಾಯವಾದುದೇ. ಇದರಿಂದ ಸಾಮಾನ್ಯವಾಗಿ ಪರೀಕ್ಷಿಸುವವನೊಬ್ಬ, ಚಿಕಿತ್ಸಿಸುವವನೊಬ್ಬ ಆಗಿ, ನಡುವೆ ಇರುವುದು ಒಂದು ಕಾಗದದ ವರದಿ ಮಾತ್ರ. ಅದರಲ್ಲಿ "ಕರುಳು ದಪ್ಪವಾಗಿದೆ" ಎಂದಷ್ಟೇ ಬರೆದರೆ ಮೂರು ತಿಂಗಳ ಮೇಲೆ ಹೋಲಿಸುವುದಕ್ಕೆ ಆಧಾರವೇ ಇರದು. ಕರುಳಿನ ಯಾವ ಭಾಗ, ಎಷ್ಟು ಮಿಲಿಮೀಟರು, ಎಷ್ಟು ಉದ್ದ, ಪದರಗಳು ಉಳಿದಿವೆಯೇ, ರಕ್ತಸಂಚಾರವು ಯಾವ ತರಗತಿಯದು ಎಂಬಿಷ್ಟನ್ನು ರೋಗಿಯು ಕೇಳಿ ಬರೆಯಿಸಿಕೊಂಡು, ಹಳೆಯ ವರದಿಯನ್ನು ಜೋಪಾನವಾಗಿಟ್ಟು ಮುಂದಿನ ಪರೀಕ್ಷೆಗೆ ಜೊತೆಯಲ್ಲಿ ಒಯ್ಯುವುದು ಯುಕ್ತ.