ಕಬ್ಬಿಣ ತುಂಬಿದ ಯಕೃತ್ತು: ಕಸಿಯಿಂದ ರೋಗ ಹೋಗುವುದೇ?

ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಭಾಗದ ನಮ್ಮ ಕನ್ನಡ ಶಾಲೆಗಳ ಮಕ್ಕಳು ಯಕೃತ್ತು ಎಂದು ಓದುವ ಅಂಗವನ್ನೇ ಹೈದರಾಬಾದಿನ ಆಸ್ಪತ್ರೆಗಳಲ್ಲಿ ಲಿವರ್ ಎನ್ನುತ್ತಾರೆ. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ನುಂಗುವುದು ನಮಗೆಲ್ಲ ತಿಳಿದಿದೆ. ಅದೇ ಕಬ್ಬಿಣವು ಅತಿಯಾದರೆ ಯಕೃತ್ತನ್ನು ಕೆಡಿಸುತ್ತದೆ ಎಂಬುದು ಅಷ್ಟಾಗಿ ತಿಳಿದಿಲ್ಲ.

ದೇಹವು ಆಹಾರದಿಂದ ದಿನಕ್ಕೆ 1ರಿಂದ 2 ಮಿಲಿಗ್ರಾಂ ಕಬ್ಬಿಣವನ್ನಷ್ಟೇ ಹೀರಿಕೊಳ್ಳುತ್ತದೆ; ಹೆಚ್ಚಾದುದನ್ನು ಹೊರಹಾಕುವ ದಾರಿ ಅದಕ್ಕಿಲ್ಲ. ಒಂದು ಯೂನಿಟ್ ರಕ್ತದಲ್ಲಿಯೋ 200ರಿಂದ 250 ಮಿಲಿಗ್ರಾಂ ಕಬ್ಬಿಣವಿರುತ್ತದೆ. ತೀವ್ರ ಥಲಸ್ಸೇಮಿಯಾ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ರಕ್ತ ಕೊಡಬೇಕು. ಹೀಗೆ ಉಳಿದ ಕಬ್ಬಿಣವು ಯಕೃತ್ತಿನಲ್ಲಿ, ಹೃದಯದಲ್ಲಿ, ಗ್ರಂಥಿಗಳಲ್ಲಿ ಶೇಖರವಾಗುತ್ತದೆ.

ಯಕೃತ್ತು ಪೂರ್ತಿ ಕೆಟ್ಟರೆ ಕಸಿ ಮಾಡಬಹುದಲ್ಲವೇ ಎಂದು ಪೋಷಕರು ಕೇಳುವುದು ಸಹಜ. ಉತ್ತರವು ಕಬ್ಬಿಣ ಬಂದ ದಾರಿಯನ್ನು ಅವಲಂಬಿಸಿದೆ. ಯೂರೋಪಿನ ಜನರಲ್ಲಿ ಹೆಚ್ಚಾಗಿ ಕಾಣುವ ಹೀಮೋಕ್ರೊಮಟೋಸಿಸ್ ಎಂಬ ಆನುವಂಶಿಕ ರೋಗದಲ್ಲಿ, ಕರುಳು ಕಬ್ಬಿಣ ಹೀರುವುದನ್ನು ತಡೆಯುವ ಹೆಪ್ಸಿಡಿನ್ ಹಾರ್ಮೋನು ಯಕೃತ್ತಿನಲ್ಲಿ ಸಾಕಷ್ಟು ಹುಟ್ಟುವುದಿಲ್ಲ. ಕಸಿಯಾದ ಯಕೃತ್ತು ಅದನ್ನು ತಯಾರಿಸುವುದರಿಂದ ರೋಗದ ಮೂಲವೇ ಸರಿಹೋಗುತ್ತದೆ. ಥಲಸ್ಸೇಮಿಯಾದಲ್ಲಿ ದೋಷವಿರುವುದು ಮಜ್ಜೆಯಲ್ಲಿ ಹುಟ್ಟುವ ರಕ್ತಕಣಗಳಲ್ಲಿ. ಕಸಿಯ ನಂತರವೂ ರಕ್ತ ಕೊಡಬೇಕು, ಕಬ್ಬಿಣವನ್ನು ಹೊರತೆಗೆಯುವ ಔಷಧಿಯನ್ನೂ ಮುಂದುವರಿಸಬೇಕು; ಇಲ್ಲವಾದರೆ ಹೊಸ ಯಕೃತ್ತಿಗೂ ಹಳೆಯದರ ಗತಿಯೇ. ಇನ್ನೊಂದು ಮಾತು: ಹೃದಯದಲ್ಲಿ ಕಬ್ಬಿಣ ತುಂಬಿದ್ದರೆ ಅದು ಶಸ್ತ್ರಚಿಕಿತ್ಸೆಯ ಭಾರವನ್ನು ತಾಳದೆ ಹೋಗಬಹುದು. ಆದ್ದರಿಂದ ಮೊದಲು ಎಂ.ಆರ್.ಐ. ಮೂಲಕ ಹೃದಯವನ್ನು ಪರೀಕ್ಷಿಸುತ್ತಾರೆ.

ಆದುದರಿಂದ ನಮ್ಮ ಮಕ್ಕಳ ಮಟ್ಟಿಗೆ ಕಸಿಗಿಂತ ಮುಖ್ಯವಾದುದು ಫೆರಿಟಿನ್ ಪರೀಕ್ಷೆ. ಸಾಮಾನ್ಯವಾಗಿ 10ರಿಂದ 20 ಬಾರಿ ರಕ್ತ ಕೊಟ್ಟ ಮೇಲೆ, ಅಥವಾ ಫೆರಿಟಿನ್ 1000 ದಾಟಿದಾಗ, ಡೆಫೆರಸಿರಾಕ್ಸ್‌ನಂತಹ ಔಷಧಿ ಆರಂಭಿಸುತ್ತಾರೆ. ಮಗು ಲವಲವಿಕೆಯಿಂದಿದೆ ಎಂದು ಅದನ್ನು ನಿಲ್ಲಿಸುವುದೇ ದೊಡ್ಡ ತಪ್ಪು. ಕಬ್ಬಿಣವು ಸದ್ದಿಲ್ಲದೆ ಸೇರುತ್ತದೆ. ಸೋದರಮಾವ, ಅತ್ತೆಯ ಮಗನೊಡನೆ ಮದುವೆ ನಡೆಯುವ ನಮ್ಮ ಮನೆಗಳಲ್ಲಿ ಮದುವೆಗೆ ಮುನ್ನ ಎಚ್‌ಬಿಎ2 ಪರೀಕ್ಷೆ ಅಗತ್ಯ. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲಿಯೂ ರೋಗ ಬರುವ ಸಂಭವ ಶೇಕಡಾ 25.

ಬೀದರ್ ನಮಗೆ ಸಮೀಪವೆನಿಸಿದರೂ ಕಸಿಯ ಸರದಿ ರಾಜ್ಯವಾರು ನಡೆಯುತ್ತದೆ. ತೆಲಂಗಾಣದಲ್ಲಿ ಅದನ್ನು ನೋಡಿಕೊಳ್ಳುವುದು ಜೀವನ್‌ದಾನ್, ಕರ್ನಾಟಕದಲ್ಲಿ ಜೀವಸಾರ್ಥಕತೆ. ಕಸಿ ಮಾಡುವ ಆಸ್ಪತ್ರೆಯ ಮೂಲಕವೇ ಹೆಸರು ನೋಂದಾಯಿಸಬೇಕು. ಹೈದರಾಬಾದಿನ ಉಸ್ಮಾನಿಯಾ ಹಾಗೂ ನಿಮ್ಸ್ ಆಸ್ಪತ್ರೆಗಳಲ್ಲಿ ಯಕೃತ್ತಿನ ಕಸಿ ನಡೆದಿದೆ. ಥಲಸ್ಸೇಮಿಯಾವು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿದೆ. ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸುವಾಗ ರಕ್ತ ಕೊಡಿಸಿದ ಎಲ್ಲ ಚೀಟಿಗಳನ್ನು ಜೊತೆಗಿಟ್ಟುಕೊಳ್ಳುವುದು ಒಳಿತು.