ಡೆಬಿಯನ್ ಉಗ್ರಾಣದ ಪಾಲಕರು

ಡೆಬಿಯನ್ ಎಂಬ ಲಿನಕ್ಸ್ ಬಳಸುವವರು 'ಆಪ್ಟ್ ಇನ್‌ಸ್ಟಾಲ್' ಎಂದು ಬರೆದು, ಮುಂದೆ ಬೇಕಾದ ತಂತ್ರಾಂಶವನ್ನು ಹೆಸರಿಸಿ ಎಂಟರ್ ಒತ್ತಿದರೆ ಸಾಕು, ಸಿ ಕಂಪೈಲರೋ ಪೈಥಾನೋ ತಾನಾಗಿ ಬಂದು ಕೂರುತ್ತದೆ. ದುಡ್ಡು ಕೇಳುವುದಿಲ್ಲ, ಹೆಸರನ್ನೂ ಕೇಳುವುದಿಲ್ಲ. ಆ ತಂತ್ರಾಂಶ ಬರೆದವರು ಒಬ್ಬರಾದರೆ, ಅದನ್ನು ನಮ್ಮ ಯಂತ್ರಕ್ಕೆ ಒಗ್ಗಿಸಿ, ಪರೀಕ್ಷಿಸಿ, ಪ್ಯಾಕೇಜ್ ಎಂಬ ಕಟ್ಟಾಗಿಸಿ ಉಗ್ರಾಣಕ್ಕೆ ತುಂಬಿದವರು ಬಹುಪಾಲು ಬೇರೆಯವರು. ಅವರಿಗೆ ಮೇಂಟೇನರ್ ಎನ್ನುತ್ತಾರೆ. ಡೆಬಿಯನ್ ನಿಂತಿರುವುದೇ ಇವರ ಮೇಲೆ.

1993ರ ಆಗಸ್ಟ್‌ನಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿ ಇಯಾನ್ ಮರ್ಡಾಕ್ ಇದನ್ನು ಶುರುಮಾಡಿದರು. ಇವತ್ತಿಗೂ ಇದಕ್ಕೆ ಮಾಲೀಕರಿಲ್ಲ. ಸುಮಾರು ಒಂದು ಸಾವಿರ ಸದಸ್ಯರು ವರ್ಷಕ್ಕೊಮ್ಮೆ ಮತ ಹಾಕಿ ನಾಯಕರನ್ನು ಆರಿಸುತ್ತಾರೆ. ಯಾರೂ ಯಾವ ಕೆಲಸವನ್ನೂ ಮಾಡಲೇಬೇಕೆಂಬ ಕಟ್ಟುಪಾಡಿಲ್ಲ ಎಂದು ಅದರ ಸಂವಿಧಾನದಲ್ಲೇ ಬರೆದಿದೆ. ಕೆಲವರಿಗೆ ಕಂಪನಿಗಳು ಸಂಬಳ ಕೊಡುವುದುಂಟು; ಹೆಚ್ಚಿನವರು ರಾತ್ರಿ ಹೊತ್ತು, ರಜೆಯಲ್ಲಿ ಕೂತು ದುಡಿಯುತ್ತಾರೆ. ಹೀಗೆ ದುಡಿದೇ 2023ರ 'ಬುಕ್‌ವರ್ಮ್' ಆವೃತ್ತಿಯಲ್ಲಿ 64,000ಕ್ಕೂ ಹೆಚ್ಚು ಪ್ಯಾಕೇಜುಗಳನ್ನು ಕೊಟ್ಟರು.

ಪ್ಯಾಕೇಜಿನ ಮೂಲವನ್ನು ಬಿಚ್ಚಿದರೆ 'ಡೆಬಿಯನ್' ಎಂಬ ಫೋಲ್ಡರ್ ಸಿಗುತ್ತದೆ. ಆ ತಂತ್ರಾಂಶ ನಡೆಯಲು ಇನ್ನೇನೇನು ಬೇಕು ಎನ್ನುವುದು 'ಕಂಟ್ರೋಲ್' ಕಡತದಲ್ಲಿ, ಹೇಗೆ ಕಟ್ಟಬೇಕು ಎನ್ನುವುದು 'ರೂಲ್ಸ್'ನಲ್ಲಿ. ಯಾರು ಯಾವತ್ತು ಏನು ಬದಲಿಸಿದರು ಎಂಬುದು 'ಚೇಂಜ್‌ಲಾಗ್'ನಲ್ಲಿ ಹೆಸರು, ತಾರೀಖಿನ ಸಮೇತ ಉಳಿಯುತ್ತದೆ. ನನಗೆ ಹೆಚ್ಚು ಗೌರವ 'ಕಾಪಿರೈಟ್' ಕಡತದ ಮೇಲೆ. ನೂರಾರು ಕಡತಗಳನ್ನು ತಡಕಾಡಿ, ಇದು ಇಂಥವರದು, ಈ ಪರವಾನಗಿಯಲ್ಲಿದೆ ಎಂದು ಯಾರೋ ಕೂತು ಬರೆದಿರುತ್ತಾರೆ. ಅಷ್ಟಕ್ಕೇ ಮುಗಿಯಲಿಲ್ಲ. ಹೊಸ ಪ್ಯಾಕೇಜು ಸರದಿಯಲ್ಲಿ ಕಾಯಬೇಕು. ಇನ್ನೊಂದು ಪುಟ್ಟ ತಂಡ ಅದನ್ನೆಲ್ಲ ಮತ್ತೆ ನೋಡಿದ ಮೇಲೆಯೇ ಒಳಗೆ ಪ್ರವೇಶ. ಮೊದಲು 'ಅನ್‌ಸ್ಟೇಬಲ್'ಗೆ, ಗಂಭೀರ ದೋಷ ಕಾಣದಿದ್ದರೆ ಕೆಲವು ದಿನಗಳ ನಂತರ 'ಟೆಸ್ಟಿಂಗ್'ಗೆ, ಸುಮಾರು ಎರಡು ವರ್ಷಕ್ಕೊಮ್ಮೆ ಅಲ್ಲಿಂದ 'ಸ್ಟೇಬಲ್'ಗೆ. ತಡವಾಗುತ್ತದೆ ಎಂದು ದೂರುವವರಿದ್ದಾರೆ. ಈ ತಡವೇ ಡೆಬಿಯನ್ನಿನ ಬಲ ಎಂದು ನಾನು ನಂಬಿದ್ದೇನೆ.

ಸದಸ್ಯರಾಗಬೇಕಾದರೆ ಕೆಲಸ ಬಂದರಷ್ಟೇ ಸಾಲದು. ನಿಮ್ಮ ಡಿಜಿಟಲ್ ಕೀಲಿ ನಿಮ್ಮದೇ ಎಂದು ಈಗಾಗಲೇ ಒಳಗಿರುವವರು ಸಹಿ ಹಾಕಬೇಕು. ಮುಖಾಮುಖಿ ಭೇಟಿಯಾಗಿ ಗುರುತಿನ ಚೀಟಿ ನೋಡಿ ಸಹಿ ಮಾಡುವುದು ಹಳೆಯ ರೂಢಿ. ವಾರ್ಷಿಕ ಸಮ್ಮೇಳನಗಳು ಅದಕ್ಕೂ ಅವಕಾಶ. 2023ರಲ್ಲಿ ಆ ಸಮ್ಮೇಳನ ನಮ್ಮ ಪಕ್ಕದ ಕೊಚ್ಚಿಯಲ್ಲೇ ನಡೆಯಿತು.

ಇಷ್ಟು ಜಾಗರೂಕತೆ ಏಕೆಂದು 2024ರ ಮಾರ್ಚ್‌ನಲ್ಲಿ ಎಲ್ಲರಿಗೂ ಗೊತ್ತಾಯಿತು. ಕಡತಗಳನ್ನು ಕುಗ್ಗಿಸುವ 'ಎಕ್ಸ್‌ಝೆಡ್' ಎಂಬ ಸಣ್ಣ ಸಾಧನವನ್ನು ಲಾಸ್ಸೆ ಕೊಲ್ಲಿನ್ ವರ್ಷಗಟ್ಟಲೆ ಹೆಚ್ಚುಕಡಿಮೆ ಒಬ್ಬರೇ ನೋಡಿಕೊಂಡಿದ್ದರು. ದಣಿದಿದ್ದ ಅವರ ಮೇಲೆ, ಕೆಲಸ ನಿಧಾನ ಎಂದು ಒತ್ತಡ ಬಂತು. ನೆರವಿಗೆ ನಿಂತ 'ಜಿಯಾ ಟಾನ್' ಹೆಸರಿನ ವ್ಯಕ್ತಿ ಕ್ರಮೇಣ ವಿಶ್ವಾಸ ಗಳಿಸಿ, ಅದರೊಳಗೆ ಕಳ್ಳಬಾಗಿಲು ಇಟ್ಟುಬಿಟ್ಟ. ಡೆಬಿಯನ್ ಅನ್‌ಸ್ಟೇಬಲ್ ಬಳಸುತ್ತಿದ್ದ ಎಂಜಿನಿಯರ್ ಆಂಡ್ರೆಸ್ ಫ್ರಾಯಂಡ್, ರಿಮೋಟ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಬೆನ್ನುಹತ್ತಿ, ಮಾರ್ಚ್ 29ರಂದು ಅದನ್ನು ಬಯಲು ಮಾಡಿದರು. ಡೆಬಿಯನ್‌ನವರು ಕೂಡಲೇ ಹಳೆಯ ಆವೃತ್ತಿಯನ್ನು ವಾಪಸ್ ತಂದರು. ಉಗ್ರಾಣದಲ್ಲಿ ಆವೃತ್ತಿ ಸಂಖ್ಯೆ ಹಿಂದಕ್ಕೆ ಹೋಗುವಂತಿಲ್ಲ, ಹಾಗಾಗಿ '5.6.1+ರಿಯಲಿ5.4.5' ಎಂಬ ವಿಚಿತ್ರ ಹೆಸರು. ಸ್ಟೇಬಲ್ ಬಳಸುವವರಿಗೆ ಏನೂ ಆಗಲಿಲ್ಲ. ಆ ಕೆಟ್ಟ ಆವೃತ್ತಿ ಅಲ್ಲಿಯವರೆಗೆ ತಲುಪಿರಲೇ ಇಲ್ಲ.

ಕೊಲ್ಲಿನ್ ಅವರಂತೆ ಒಂಟಿಯಾಗಿ ದಣಿಯುವವರು ಎಲ್ಲೆಡೆ ಇದ್ದಾರೆ. ಇನ್ನು ನನ್ನಿಂದಾಗದು ಎಂದು ಮುಚ್ಚುಮರೆಯಿಲ್ಲದೆ ಹೇಳಲು ಡೆಬಿಯನ್ನಿನಲ್ಲಿ ದಾರಿಯಿದೆ. ಪ್ಯಾಕೇಜನ್ನು 'ಅನಾಥ' ಎಂದು ಘೋಷಿಸಬಹುದು, ಬೇರೆಯವರು ದತ್ತು ತೆಗೆದುಕೊಳ್ಳಬಹುದು. ಅನಾಥ ಪ್ಯಾಕೇಜುಗಳ ಪಟ್ಟಿ ಯಾವಾಗಲೂ ಉದ್ದವಾಗಿಯೇ ಇರುತ್ತದೆ.

ಈ ಪಾಲಕರಿಗೆ ನಾವೂ ನೆರವಾಗಬಹುದು. ಕನ್ನಡದ ಗುಬ್ಬಿ, ನವಿಲು, ಲೋಹಿತ್ ಫಾಂಟುಗಳೂ ಈ ಉಗ್ರಾಣದಲ್ಲಿವೆ. ಅವುಗಳಲ್ಲಿ ಎಲ್ಲಾದರೂ ಒತ್ತಕ್ಷರ ಸರಿಯಾಗಿ ಕೂರದಿದ್ದರೆ ಮೇಂಟೇನರಿಗೆ ತಿಳಿಸಲು 'ರಿಪೋರ್ಟ್‌ಬಗ್' ಎಂಬ ಸಾಧನವಿದೆ. ಯಾವ ಪದ, ಯಾವ ಆವೃತ್ತಿ, ಹೇಗೆ ಕಾಣಬೇಕಿತ್ತು, ಹೇಗೆ ಕಂಡಿತು ಎಂದು ಬರೆದರೆ ಅವರಿಗೆ ಅರ್ಧ ಕೆಲಸ ಮುಗಿದಂತೆ. ಪ್ರೋಗ್ರಾಮಿಂಗ್ ಬಾರದವರೂ, ಕನ್ನಡ ಚೆನ್ನಾಗಿ ಬಲ್ಲವರಾದರೆ, ಇದನ್ನು ಮಾಡಬಹುದು.