ಮಧ್ಯಮ ಮೊತ್ತದ ಸರಕಾರಿ ಖರೀದಿ: ಸರಳತೆಯೂ ಹೊಣೆಗಾರಿಕೆಯೂ

ಸರಕಾರವು ಕೊಳ್ಳುವುದು ಪ್ರಜೆಗಳ ತೆರಿಗೆಯ ಹಣದಿಂದ. ಆದಕಾರಣ ಕೊಳ್ಳುವ ಕ್ರಮವು ನಿಷ್ಕಳಂಕವಾಗಿರಬೇಕು. ಕೊಂಡುದು ಸಕಾಲಕ್ಕೆ ಕೈಸೇರಲೂ ಬೇಕು. ಅಲ್ಪಮೊತ್ತಕ್ಕೆ ಅಂಗಡಿಯ ರಸೀದಿ ಸಾಕು. ಬೃಹತ್ ಕಾಮಗಾರಿಗೆ ದೀರ್ಘ ವಿಧಾನವು ಅನಿವಾರ್ಯ. ಇವೆರಡರ ನಡುವಿನ ಗುತ್ತಿಗೆಗೆ ಯಾವ ಅಳತೆಯೆಂಬುದೇ ಪ್ರಶ್ನೆ.

ಅಮೆರಿಕವು 1996ರ ಕಾಯಿದೆಯೊಂದರಿಂದ ಇದನ್ನು ಪರೀಕ್ಷೆಗೊಡ್ಡಿತು. ಪೇಟೆಯಲ್ಲಿ ಸಾಮಾನ್ಯವಾಗಿ ದೊರೆಯುವ ವಸ್ತುಗಳಿಗೆ 50 ಲಕ್ಷ ಡಾಲರುಗಳವರೆಗೆ ಸರಳ ವಿಧಾನವನ್ನು ಗಡುವು ವಿಧಿಸಿ ಅನುಮತಿಸಿತು. ಗಡುವು ಹಲವು ಬಾರಿ ವಿಸ್ತರಣೆಗೊಂಡು, ಕಡೆಗೆ ಆ ವಿಧಾನವೇ ಸ್ಥಿರವಾಯಿತು.

ಕಾರವಾರದಲ್ಲಿ ಎರಡು ಕ್ರಮಗಳು ಅಕ್ಕಪಕ್ಕದಲ್ಲಿವೆ. ಅಂಚೆ ಇಲಾಖೆಯಂತಹ ಕೇಂದ್ರ ಸರಕಾರದ ಕಚೇರಿಗಳಿಗೆ ಸಾಮಾನ್ಯ ಹಣಕಾಸು ನಿಯಮಾವಳಿಯೇ ಆಧಾರ. 2017ರಲ್ಲಿ ಪ್ರಕಟವಾದಂತೆ, ಅದು 25 ಲಕ್ಷ ರೂಪಾಯಿಗಳವರೆಗಿನ ಸರಕಿಗೆ ಸೀಮಿತ ಟೆಂಡರನ್ನು ಒಪ್ಪಿತು. ಅಂದರೆ ಮೂವರಿಗಿಂತ ಹೆಚ್ಚು ಪೂರೈಕೆದಾರರಿಗೆ ನೇರವಾಗಿ ಪತ್ರ ಬರೆದು ದರ ಕೇಳುವುದು. ಜಿಲ್ಲಾ ಕೇಂದ್ರದ ರಾಜ್ಯ ಕಚೇರಿಗಳೂ ಅಂಕೋಲೆಯ ತಾಲೂಕು ಕಚೇರಿಗಳೂ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯನ್ನು ವಿಧಿಸುವ ಕರ್ನಾಟಕದ 1999ರ ಅಧಿನಿಯಮಕ್ಕೆ ಒಳಪಟ್ಟಿವೆ. ಅದರಡಿ ರಚಿತವಾದ 2000ದ ನಿಯಮಗಳು ಮೂಲದಲ್ಲಿ 2 ಕೋಟಿ ರೂಪಾಯಿಗಳವರೆಗಿನ ಟೆಂಡರಿಗೆ ಕನಿಷ್ಠ 30 ದಿನಗಳನ್ನೂ, ಮೀರಿದುದಕ್ಕೆ 60 ದಿನಗಳನ್ನೂ ಗೊತ್ತುಪಡಿಸಿದವು.

ಆ 30 ದಿನಗಳ ಬೆಲೆಯನ್ನು ಕರಾವಳಿಯವರು ಬಲ್ಲರು. ಶಾಲೆಯೊಂದರ ಸೋರುವ ಮಾಡಿಗೆ ಏಪ್ರಿಲ್ ಕೊನೆಯಲ್ಲಿ ಹಣ ಮಂಜೂರಾದರೆ, ಟೆಂಡರಿನ ಅವಧಿಯಲ್ಲೇ ಮೇ ತಿಂಗಳು ಕಳೆಯುತ್ತದೆ. ದರಗಳ ಪರಿಶೀಲನೆ ಮುಗಿಯುವಷ್ಟರಲ್ಲಿ ಜೂನಿನ ಮಳೆಯು ತರಗತಿಯೊಳಗೇ ಸುರಿಯಬಹುದು. ಹಾಗೆಂದು ಅವಸರವೇ ಔಷಧವಲ್ಲ. ಪತ್ರವು ಪ್ರತಿವರ್ಷವೂ ಅದೇ ನಾಲ್ವರಿಗೆ ಹೋದರೆ, ಕಡಿಮೆ ದರಕ್ಕೆ ಒಳ್ಳೆಯ ಕೆಲಸ ಮಾಡಬಲ್ಲ ಹೊಸಬನಿಗೆ ಬಾಗಿಲು ಮುಚ್ಚಿದಂತೆಯೇ ಸರಿ.

ರಾಜ್ಯದ ನಿಯಮಗಳಲ್ಲೇ ಒಂದು ಮಧ್ಯಮಾರ್ಗವಿತ್ತು. ಟೆಂಡರ್ ಕರೆಯುವವನಿಗಿಂತ ಮೇಲಿನ ಅಧಿಕಾರಿಯು ಕಾರಣಗಳನ್ನು ಲಿಖಿತವಾಗಿ ದಾಖಲಿಸಿ ಅವಧಿಯನ್ನು ಕಡಿತಗೊಳಿಸಬಹುದೆಂದು ಅವು ವಿಧಿಸಿದ್ದವು. ಕಾಲವು ಕಿರಿದಾದರೂ ಹೊಣೆಗಾರಿಕೆಯು ಕಿರಿದಾಗದು ಎಂಬುದೇ ಇದರ ತಾತ್ಪರ್ಯ.

ಆದುದರಿಂದ ಸರಳ ವಿಧಾನವನ್ನು ಪರೀಕ್ಷಿಸುವವರು ಉಳಿದ ದಿನಗಳನ್ನಷ್ಟೇ ಎಣಿಸಬಾರದು. ಎಷ್ಟು ಮಂದಿ ದರ ಸಲ್ಲಿಸಿದರು, ಅವರಲ್ಲಿ ಹೊಸಬರೆಷ್ಟು, ತೆತ್ತ ಬೆಲೆ ಪೇಟೆಯ ಬೆಲೆಗೆ ಹೊಂದುವುದೇ, ಕಾರಣವು ಕಡತದಲ್ಲಿದೆಯೇ ಎಂಬುದನ್ನೂ ನೋಡಬೇಕು. ಕಾಗದಪತ್ರಗಳು ಕಡಿಮೆಯಾಗಲಿ, ಲೆಕ್ಕ ಕೇಳುವವನಿಗೆ ದೊರೆಯುವ ಉತ್ತರವು ಕಡಿಮೆಯಾಗದಿರಲಿ.